ಮೂರು ಚಕ್ಕೋತ ಮತ್ತು ಒಂದು ದೂರು

ನಿವೃತ್ತನ ಕೋಪಕ್ಕೆ ಘನವಾದ ಕಾರಣವೇ ಬೇಕೆಂದಿಲ್ಲ. ನನಗಂತೂ ಮೂರು ಚಕ್ಕೋತ ಸಾಕಾದವು. ದೇವನಹಳ್ಳಿಯ ನಮ್ಮ ಕಾಂಪೌಂಡ್ ದಾಟಿ ಬೀದಿಗೆ ಬಾಗಿದ ಕೊಂಬೆಯಿಂದ, ರಕ್ತದೊತ್ತಡದ ಮಾತ್ರೆಯ ದೆಸೆಯಿಂದ ಡಾಕ್ಟರು ನನಗೆ ನಿಷೇಧಿಸಿರುವ ಆ ಹಣ್ಣುಗಳನ್ನು ಕೀಳುತ್ತಿದ್ದ ರತ್ನಮ್ಮ ಸಿಕ್ಕಿಬಿದ್ದಳು. ಏರ್‌ಪೋರ್ಟಿನಲ್ಲಿ ಕಸ ಗುಡಿಸುವ, ಹಿಂದಿನ ಬೀದಿಯ ಹೆಂಗಸು. "ಇಂಥೋರಿಗೆ ಅರಬ್ ದೇಶದ ಕಾನೂನೇ ಸರಿ, ಕೈ ಕತ್ತರಿಸ್ಬೇಕು!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿ, ಸಂಸ್ಕೃತಭೂಯಿಷ್ಠವಾದ ಒಂದು ದೂರು ಬರೆದು ಠಾಣೆಗೆ ಕೊಟ್ಟು ಬಂದೆ.

ಸಂಜೆ ವಾಕಿಂಗಿನಲ್ಲಿ ಇದನ್ನೆಲ್ಲ ಗೆಳೆಯ ಖಲೀಲ್ ಮೇಷ್ಟ್ರಿಗೆ ವರ್ಣಿಸಿದೆ. ಉರ್ದು ಶಾಲೆಯಿಂದ ನಿವೃತ್ತರಾದ ಅವರು ಕಲ್ಲುಬೆಂಚಿನ ಮೇಲೆ ಕುಳಿತುಬಿಟ್ಟರು.

"ಚಪ್ಪಲಿ ಕಳೆದ್ರೂ ನಿಮ್ಗೆಲ್ಲ ಷರಿಯತ್ತೇ ನೆನಪಾಗುತ್ತಲ್ಲ ಸ್ವಾಮಿ. ಇಲ್ಲಿ ನಮ್ಗೂ ಅದು ಮದುವೆ, ಆಸ್ತಿ ಭಾಗ ಇಂಥದ್ದಕ್ಕಷ್ಟೆ. ಕಳ್ಳತನಕ್ಕೆ ನಿಮ್ ಕಾನೂನೇ ನಮ್ದೂ. ಅಲ್ದೆ, ಮರದಲ್ಲಿರೋ ಹಣ್ಣು ಕಿತ್ರೆ ಕೈ ಕತ್ತರಿಸೋ ಹಾಗಿಲ್ಲ ಅಂತಾರೆ ನಮ್ ಧರ್ಮಪಂಡಿತ್ರು, ಉಲೇಮಾಗಳು. ಹೊಟ್ಟೆಗಿಲ್ದೆ ಕದ್ರೂ ಇಲ್ಲ. ಕಳ್ಕೊಂಡೋನು ಮಾಫಿನೂ ಮಾಡ್ಬೋದು, ದೂರು ಖಾಜಿ ಹತ್ರ ಹೋಗೋಕೆ ಮುಂಚೆ."

"ಕೆಲವು ಕಡೆ ಈಗ್ಲೂ ಕತ್ತರಿಸ್ತಾರಲ್ಲ ಮೇಷ್ಟ್ರೇ?"

"ಕತ್ತರಿಸ್ತಾರೆ. ಪೇಪರಲ್ಲಿ ಬಂದ್ರೆ ನಂಗೆ ಓದೋಕೂ ಆಗಲ್ಲ. ಆದ್ರೂ ಎಲ್ರೂ ನನ್ನೇ ಕೇಳ್ತಾರೆ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ದಣಿವಿತ್ತು. ಆಮೇಲೆ ಮೆಲ್ಲನೆ ಕೇಳಿದರು: "ದೂರು ಕೊಟ್ಬಿಟ್ರಾ? ಏರ್‌ಪೋರ್ಟ್ ಪಾಸಿಗೆ ಪೊಲೀಸ್ ವೆರಿಫಿಕೇಷನ್ ಆಗ್ಬೇಕು. ಕೇಸಾದ್ರೆ ಆಯಮ್ಮನ ಪಾಸು ಹೋಯ್ತು, ಕೆಲ್ಸಾನೂ ಹೋಯ್ತು. ಕೈ ಕತ್ತರಿಸೋದು ಅಂದ್ರೆ ಇನ್ನೇನು ಸ್ವಾಮಿ?"

ನನಗೆ ನಾಚಿಕೆಯಾಯಿತು. ಪರದೇಶದ ಶಾಸ್ತ್ರದಲ್ಲಿ ಕ್ರೌರ್ಯವನ್ನಷ್ಟೇ ಆರಿಸಿಕೊಂಡು ಕರುಣೆಯನ್ನು ಅಲ್ಲೇ ಬಿಟ್ಟು ಬಂದ ಪಂಡಿತ ನಾನು! ನೋಯುವ ಮಂಡಿಯನ್ನೂ ಲೆಕ್ಕಿಸದೆ ಠಾಣೆಗೆ ನಡೆದೆ. ಕಾನ್‌ಸ್ಟೇಬಲ್ ಆಕಳಿಸುತ್ತ, "ಇನ್ನೂ ರಿಜಿಸ್ಟರ್ ಮಾಡಿಲ್ಲ, ತಗೊಂಡೋಗಿ ಸಾರ್" ಎಂದು ಕಾಗದವನ್ನು ಹಿಂದಕ್ಕೆ ಕೊಟ್ಟರು. ಕ್ಷಮಿಸಿದೆನೆಂಬ ಸಣ್ಣ ಹೆಮ್ಮೆಯೊಡನೆ ಮಲಗಿದೆ.

ಬೆಳಿಗ್ಗೆ ಬಸ್‌ಸ್ಟಾಪಿನಲ್ಲಿ ರತ್ನಮ್ಮ ಶಾಲು ಹೊದ್ದು ನಿಂತಿದ್ದಳು, ಕೊರಳಲ್ಲಿ ಪಾಸು. "ದೂರು ವಾಪಸ್ ತಗೊಂಡೆ ಕಣಮ್ಮ" ಎನ್ನಲು ಹತ್ತಿರ ಹೋದೆ. ನನ್ನನ್ನು ಕಂಡದ್ದೇ ಅವಳು ಎರಡೂ ಕೈಗಳನ್ನು ಶಾಲಿನೊಳಗೆ ಎಳೆದುಕೊಂಡಳು.