ಕೆಂಪು ದಾರ ಕಟ್ಟಿದ ತೆನೆ

ಕುಳ್ಳಿನ ಕೆಂಡದಲ್ಲಿ ಹಸಿ ಜೋಳದ ತೆನೆ ಸುಡುವ ವಾಸನೆ ಬಂತೆಂದರೆ ನನಗೆ ಮೊದಲು ನೆನಪಾಗುವುದು ಅದರ ರುಚಿಯಲ್ಲ, ನನ್ನ ಜಡೆ. ಚಳಿಗಾಲದಲ್ಲಿ ಕಾಳು ಇನ್ನೂ ಹಾಲುಗಟ್ಟಿ ಮೆತ್ತಗಿರುವಾಗ ತೆನೆ ಸುಟ್ಟು, ಬಿಸಿಯಿರುವಾಗಲೇ ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ ತಿನ್ನುತ್ತೇವೆ. ಅದೇ ಸೀತನಿ. ಜೊತೆಗೆ ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ಒಂದು ಚೂರು ಬೆಲ್ಲ. ತಿಂದವರಿಗೆ ಹೇಳಬೇಕಾಗಿಲ್ಲ, ತಿನ್ನದವರಿಗೆ ಹೇಳಿ ಉಪಯೋಗವಿಲ್ಲ.

ಗೋಗಿ ಊರಿನ ನಮ್ಮ ಮನೆಯಲ್ಲಿ ಸೀತನಿಗೆಂದೇ ಒಂದು ಜೋಳವಿತ್ತು. ಸಕ್ಕರಿ ಜೋಳ ಅನ್ನುತ್ತಿದ್ದರು. ಹೊಲದ ಅಂಚಿಗೆ ಎರಡೇ ಸಾಲು. ಅದರ ಕಷ್ಟವೇನೆಂದರೆ ಅದು ಬಲು ಸಿಹಿ. ಸಿಹಿಯಾದದ್ದನ್ನು ಎಲ್ಲರೂ ಹಸಿಯಿರುವಾಗಲೇ ತಿಂದು ಮುಗಿಸಿದರೆ ಬೀಜಕ್ಕೆ ಏನು ಉಳಿಯಬೇಕು? ಅದಕ್ಕೇ ನನ್ನ ಆಯಿ, ಅಪ್ಪನ ತಾಯಿ, ಯಾರೂ ಬಾಯಿ ಹಚ್ಚುವ ಮೊದಲೇ ಹೊಲಕ್ಕೆ ಹೋಗಿ, ಎಲ್ಲಕ್ಕಿಂತ ಚಂದದ ತೆನೆಗಳಿಗೆ ಕೆಂಪು ದಾರ ಕಟ್ಟಿ ಬರುತ್ತಿದ್ದಳು. ದಾರ ಕಟ್ಟಿದ್ದು ಬೀಜ, ಮುಟ್ಟುವ ಹಾಗಿಲ್ಲ. ಅದು ಬಲಿತು ಒಣಗಿದ ಮೇಲೆ ಕಾಳಿಗೆ ಬೂದಿ, ಬೇವಿನೆಲೆ ಬೆರೆಸಿ ಗಡಿಗೆಯಲ್ಲಿ ತುಂಬಿ, ಬಾಯಿಗೆ ಸಗಣಿ ಮೆತ್ತಿ, ಒಲೆಯ ಮೇಲಿನ ಗೂಡಿನಲ್ಲಿ ಇಡುತ್ತಿದ್ದಳು. ಆ ಬೀಜ ಅವಳಿಗೆ ಅವಳ ಅತ್ತೆ ಕೊಟ್ಟದ್ದು. ಊರಲ್ಲಿ ಇನ್ನೊಬ್ಬರ ಹತ್ತಿರ ಇರಲಿಲ್ಲ.

ನನಗೆ ಹತ್ತು ವರ್ಷವಿರಬೇಕು. ಗುರುಮಠಕಲ್‌ನಿಂದ ಸೋದರಮಾವ ಬಂದ. ದಾರವಿಲ್ಲದ ತೆನೆಗಳೆಲ್ಲ ಅಷ್ಟರಲ್ಲಿ ತಿಂದು ಮುಗಿದಿದ್ದವು. ಮಾವ ನನ್ನನ್ನು ಕೆಣಕಿದ. "ನಿಮ್ಮ ಸಕ್ಕರಿ ಜ್ವಾಳ ಬರೇ ಹೆಸರಿಗೇನ? ನಮ್ಮ ಕಡಿ ದನಕ್ಕ ಹಾಕೂ ಜ್ವಾಳನ ಇದಕ್ಕಿಂತ ಸಿಹಿ ಇರ್ತದ!" ನನಗೆ ತಡೆಯಲಿಲ್ಲ. ಹೊಲಕ್ಕೆ ಓಡಿ, ದಂಟು ಬಗ್ಗಿಸಿ, ದಾರ ಕಟ್ಟಿದ್ದನ್ನೇ ಮುರಿದು ಉಡಿ ತುಂಬಿಕೊಂಡೆ. ದಾರಗಳು ಚಂದ ಕಂಡವು. ಬಿಸಾಡಲು ಮನಸ್ಸಾಗದೆ ಜಡೆಗೆ ಸುತ್ತಿಕೊಂಡೆ.

ಅಂಗಳದಲ್ಲಿ ಬೆಂಕಿ ಮಾಡಿ ಎಲ್ಲರೂ ತಿಂದೆವು. ಆಯಿಯೂ ತಿಂದಳು. "ಇಷ್ಟು ಸಿಹಿ ಯಾವ ವರ್ಷನೂ ಇದ್ದಿಲ್ಲ ನೋಡು" ಅಂದಳು. ಇರದೇ ಏನು, ಆರಿಸಿ ಕಟ್ಟಿದ ತೆನೆಗಳು. ಆಮೇಲೆ ಅವಳ ಕಣ್ಣು ನನ್ನ ಜಡೆಯ ಮೇಲೆ ಬಿತ್ತು.

"ಜಡಿಗಿ ಏನ ಕಟ್ಕೊಂಡೀದಿ?"

ನಾನು ಜಡೆಯನ್ನು ಬೆನ್ನ ಹಿಂದೆ ಸರಿಸಿದೆ. ಅವಳು ಬಾಯಲ್ಲಿದ್ದುದನ್ನು ನುಂಗಲೂ ಇಲ್ಲ, ಉಗುಳಲೂ ಇಲ್ಲ. ಅವ್ವ ಹೊಡೆಯಲು ಎದ್ದಳು. ಆಯಿ ತಡೆದಳು. "ಹೊಡೀಬ್ಯಾಡ. ಆಕಿ ಮುರಕೊಂಡು ಬಂದ್ಳು, ನಾ ಎಲ್ಲಿಂದು ಅಂತ ಕೇಳದ ತಿಂದೆ. ಇನ್ನ ನಾ ಸೀತನಿ ಬಾಯಿಗಿ ಹಚ್ಚೂದಿಲ್ಲ."

"ಬಿಡ್ರಿ ಅತ್ತಿ, ನಾಕು ತೆನಿಗಿ ಇಷ್ಟ್ಯಾಕ್ರಿ?" ಅಂದ ಮಾವ. "ಪ್ಯಾಟ್ಯಾಗ ಜ್ವಾಳ ಸಿಗಂಗಿಲ್ಲೇನು?"

"ಜ್ವಾಳ ಸಿಗ್ತದ, ಇದು ಸಿಗಂಗಿಲ್ಲೋ ತಮ್ಮಾ. ತಿಂದೀದಿ, ಸುಮ್ನ ಕೈ ತೊಳಕೊ."

ಮರುದಿನ ಬೆಳಿಗ್ಗೆ ಆಯಿ, ನಾನು ಇಬ್ಬರೂ ಹೊಲಕ್ಕೆ ಹೋದೆವು. ಗಡಿಗೆಯ ಹಳೇ ಬೀಜವೆಲ್ಲ ಬಿತ್ತನೆಗೇ ಮುಗಿದಿತ್ತು. ನನ್ನ ಕೈಗೆ ಎಟುಕದ ಒಂದೇ ಒಂದು ತೆನೆ ದಾರದ ಸಮೇತ ಉಳಿದಿತ್ತು. ಅದರಲ್ಲೂ ಅರ್ಧ ಗುಬ್ಬಿಗಳ ಪಾಲು. ಅದು ಬಲಿತು ಕೈಗೆ ಬಂದಾಗ ನನ್ನ ಸಣ್ಣ ಅಂಗೈ ತುಂಬಿತು, ಅಷ್ಟೇ. ಮುಂದಿನ ಬಿತ್ತಿಗೆಗೆ ಆಯಿ ಅದನ್ನು ಹಿತ್ತಲಲ್ಲಿ ಒಂದೊಂದೇ ಕಾಳು ಊರಿಸಿದಳು. "ನೀರು ನೀನ ಹಾಕಬೇಕು. ಹಕ್ಕಿ ನೀನ ಕಾಯಬೇಕು. ಒಂದು ಕಾಳು ತಿನ್ನಂಗಿಲ್ಲ." ದಿನಾ ನಸುಕಿನಲ್ಲಿ ಎದ್ದು ಬಾವಿಯಿಂದ ಕೊಡ ಹೊತ್ತೆ. ಸೊಂಟದ ಚರ್ಮ ಕೆಂಪಾಯಿತು. ಕಾಳು ಹಾಲುಗಟ್ಟುವ ಹೊತ್ತಿಗೆ ಊರಿನ ಎಲ್ಲ ಹೊಲಗಳಿಂದ ಸೀತನಿಯ ಹೊಗೆ ಏಳುತ್ತಿತ್ತು. ಗೆಳತಿಯರು ಕರೆದರು, ಹೋಗಲಿಲ್ಲ. ಕವಣೆ ಹಿಡಿದು ಕೂತಿದ್ದೆ. ಒಂದು ಮಧ್ಯಾಹ್ನ ತೆನೆ ಬಗ್ಗಿಸಿ ಮೂಸಿದೆ. ಒಂದು ಕಾಳು ಹಿಚುಕಿದೆ. ಉಗುರಿನ ಮೇಲೆ ಹಾಲು ಬಂತು. ಮನೆಯಲ್ಲಿ ಯಾರೂ ಇರಲಿಲ್ಲ. ಆ ಹಾಲನ್ನು ಲಂಗಕ್ಕೆ ಒರೆಸಿಕೊಂಡೆ. ಆಮೇಲೆ ಮಕ್ಕಳನ್ನು ಹೆತ್ತಿದ್ದೇನೆ, ಗಂಡನನ್ನು ಮಣ್ಣು ಮಾಡಿದ್ದೇನೆ, ಮನೆ ನಡೆಸಿದ್ದೇನೆ. ಆದರೆ ನನ್ನ ಬಗ್ಗೆ ನನಗೇ ಅಷ್ಟು ಸಮಾಧಾನವಾದ ದಿನ ಇನ್ನೊಂದು ಬರಲಿಲ್ಲ.

ಆ ವರ್ಷ ಗಡಿಗೆ ತುಂಬಿತು. ಅದರ ಮರುವರ್ಷ ಮೊದಲ ತೆನೆ ಸುಟ್ಟು ತಿಕ್ಕಿ ಆಯಿ ನನ್ನ ಕೈಗೆ ಹಾಕಿದಳು. ನಾನು ಅರ್ಧ ಅವಳ ಮುಂದೆ ಹಿಡಿದೆ. "ನೀನೂ ತಿನ್ನ ಆಯಿ, ಬೀಜ ಬಂತಲ್ಲ."

"ಬೀಜ ಬಂತು. ನಾ ಆಡಿದ ಮಾತು ಎಲ್ಲಿ ಹೋಗ್ತದ?"

ಸಾಯುವ ತನಕ ತಿನ್ನಲಿಲ್ಲ. ಪ್ರತಿ ಚಳಿಗಾಲ ಬೆಂಕಿಯ ಮುಂದೆ ಕೂತು, ಅಂಗೈ ಸುಟ್ಟುಕೊಂಡು, ಓಣಿಯವರಿಗೆಲ್ಲ ತಿಕ್ಕಿ ಕೊಟ್ಟಳು. ಮುಖ ಸಪ್ಪಗೆ ಮಾಡಿದ್ದನ್ನು ನಾನು ಕಾಣೆ. ತಿನ್ನುವವರ ಬಾಯಿ ನೋಡುತ್ತಾ, ಬೈಯುತ್ತಾ, ನಗುತ್ತಾ ಇರುತ್ತಿದ್ದಳು.

ಆಯಿ ಇಲ್ಲ, ಅವ್ವ ಇಲ್ಲ, ಕೆಣಕಿದ ಮಾವನೂ ಇಲ್ಲ. ಆ ಮನೆ ಬಿದ್ದು, ಗೂಡಿನ ಕಲ್ಲುಗಳು ಯಾರದೋ ಕೊಟ್ಟಿಗೆಯ ಗೋಡೆಯಲ್ಲಿವೆ. ಕಾಲುವೆ ನೀರು ಬಂತು, ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ನಾನು ನೀರು ಏರದ ದಿಬ್ಬದ ಮೇಲೆ ಈಗಲೂ ಎರಡು ಸಾಲು ಹಾಕುತ್ತೇನೆ. ಈ ಸಲ ನನ್ನ ಕೈ ಮೇಲೇಳಲಿಲ್ಲ, ದಾರ ಕಟ್ಟಲು ಮೊಮ್ಮಗಳನ್ನು ಕರೆದುಕೊಂಡು ಹೋದೆ. ಅವಳಿಗೆ ನನ್ನ ಜಡೆಯ ಕಥೆ ಹೇಳಿಲ್ಲ, ನಾಚಿಕೆ. ದಾರ ಮುಗಿಯಿತು, ಒಂದು ಒಳ್ಳೆಯ ತೆನೆ ಉಳಿಯಿತು. "ಇರ್ಲಿ ಬಿಡು, ಅದನ್ನ ಸುಟ್ಟು ತಿನ್ನು" ಅಂದೆ.

"ತಡಿ ಆಯಿ, ಇದ ಎಲ್ಲಕ್ಕಿಂತ ಚಂದ ಅದ" ಅಂದವಳೇ ಜಡೆಯ ರಿಬ್ಬನ್ ಎಳೆದು ತೆನೆಗೆ ಕಟ್ಟಿದಳು. ಅವಳ ಕೂದಲು ಬಿಚ್ಚಿಕೊಂಡು ಗಾಳಿಗೆ ಹಾರಿತು. ಅವಳು ಬಗ್ಗಿಸಿ ಹಿಡಿದ ದಂಟಿನಲ್ಲಿ ನಾನು ಗಂಟು ಬಿಗಿಯಾಗಿದೆಯೇ ಎಂದು ಮುಟ್ಟಿ ನೋಡಿದೆ.

ಬಿಗಿಯಾಗಿತ್ತು.