ಕುದುರೆಗೆ ನಾನು ಕುಡಿಸಿದ ಎಣ್ಣೆ

ಯಾರೂ ಬಲವಂತ ಮಾಡಿರಲಿಲ್ಲ. ನಾನೇ ಎದ್ದು ನಿಂತು ಕೊಚ್ಚಿಕೊಂಡೆ.

ಹೊಸೂರಿನ ಹೊರಗೆ ಒಂದು ಕುದುರೆ ಫಾರಂ ಇದೆ. ದನದ ಡಾಕ್ಟರುಗಳಿಗೆ ಕುದುರೆ ವೈದ್ಯ ಕಲಿಸಲು ಅಲ್ಲಿ ನಾಲ್ಕು ಭಾನುವಾರಗಳ ತರಬೇತಿ ಇಟ್ಟಿದ್ದರು. ನಾನು ಉದ್ದನಪಲ್ಲಿಯ ಸುತ್ತಮುತ್ತ ಒಂದು ಹಾಲಿನ ಡೈರಿಗಾಗಿ ಹಸು ನೋಡುವವಳು. ಹನ್ನೊಂದು ವರ್ಷವಾದರೂ ಗುತ್ತಿಗೆಯ ಕೆಲಸವೇ. ತರಬೇತಿಗೆ ಬಂದವರಲ್ಲಿ ಒಬ್ಬರನ್ನು ಫಾರಮ್ಮಿನವರೇ ಖಾಯಂ ಆಗಿ ತೆಗೆದುಕೊಳ್ಳುತ್ತಾರೆ ಎಂದು ಕಿವಿಗೆ ಬಿದ್ದಿತ್ತು. ರೇಸಿನ ಕುದುರೆ, ಸವಾರಿ ಶಾಲೆ, ಮರಿ ಹಾಕಿಸುವ ಫಾರಂ ಎಂದು ಈ ಕಡೆ ಕುದುರೆ ಡಾಕ್ಟರಿಗೆ ಬೇಡಿಕೆ ಇದೆ, ಕಲಿತವರು ಕಡಿಮೆ. ನಲವತ್ತು ದಾಟಿದ ಮೇಲೆ ಮತ್ತೆ ನೋಟ್‌ಬುಕ್ ಹಿಡಿದು ಮೊದಲ ಬೆಂಚಿನಲ್ಲಿ ಕೂತದ್ದು ಸುಮ್ಮನೆ ಅಲ್ಲ. ಆ ಕೆಲಸ ನನಗೆ ಬೇಕೇ ಬೇಕಿತ್ತು.

ಮೊದಲ ಭಾನುವಾರ ಪಾಠ ಶುರುವಾಗುವ ಮುಂಚೆ, ಕಲಿಸಲು ಬಂದಿದ್ದ ಹಿರಿಯ ಡಾಕ್ಟರು, ಚೆನ್ನೈ ಕಡೆಯ ಹೆಂಗಸು, ಒಬ್ಬೊಬ್ಬರನ್ನೇ ಕೇಳುತ್ತಾ ಬಂದರು. "ಕುದುರೆಗೆ ಯಾವತ್ತಾದರೂ ಔಷಧ ಕೊಟ್ಟಿದ್ದೀರಾ?" ಎಲ್ಲರೂ ಇಲ್ಲ ಎಂದರು. ನಾನು ಮಾತ್ರ ಎದ್ದೆ. "ಕೊಟ್ಟಿದ್ದೀನಿ ಮೇಡಂ. ಡೆಂಕಣಿಕೋಟೆಯಲ್ಲಿ ಮದುವೆ ಮೆರವಣಿಗೆಯ ಕುದುರೆಗೆ ಹೊಟ್ಟೆನೋವು. ಒಂದೇ ದಿನದಲ್ಲಿ ವಾಸಿಯಾಯಿತು."

ಅವರು ನನ್ನ ಹೆಸರಿನ ಮುಂದೆ ಏನೋ ಗುರುತು ಹಾಕಿಕೊಂಡರು. ನಾನು ಹಿಗ್ಗಿ ಹೀರೇಕಾಯಿಯಾದೆ.

ಹೇಳಿದ್ದು ಸುಳ್ಳೇನಲ್ಲ. ಎರಡು ವರ್ಷದ ಹಿಂದೆ ಆ ಬಿಳಿ ಕುದುರೆ ನೆಲದಲ್ಲಿ ಬಿದ್ದು ಹೊರಳಾಡುತ್ತಿತ್ತು. ಬೇರೆ ಡಾಕ್ಟರು ಸಿಗದೆ ಅದರ ಯಜಮಾನ ನನ್ನನ್ನು ಕರೆಸಿದ್ದ. ಹಸುವಿನ ಹೊಟ್ಟೆ ಉಬ್ಬರಿಸಿದರೆ ನಮ್ಮ ಕಡೆ ಏನು ಮಾಡುತ್ತೇವೋ ನಾನೂ ಅದನ್ನೇ ಮಾಡಿದೆ. ಬಿದಿರಿನ ಗೊಟ್ಟದಲ್ಲಿ ಕಡಲೆಕಾಯಿ ಎಣ್ಣೆ ತುಂಬಿ, ತಲೆ ಎತ್ತಿಸಿ, ಬಾಯಿಯ ಪಕ್ಕದಿಂದ ಹೊಯ್ದೆ. ಕುದುರೆ ಕೆಮ್ಮಿತು. "ಇನ್ನೂ ಮೇಲಕ್ಕೆ ಎತ್ತಿ ಅಣ್ಣ" ಎಂದು ನಾನೇ ಯಜಮಾನನನ್ನು ಗದರಿದೆ. ಸಂಜೆಗೆ ಅದು ಲದ್ದಿ ಹಾಕಿತು, ಎದ್ದು ನಿಂತಿತು, ಅವನು ಕೈ ಮುಗಿದ. ವಾರದೊಳಗೆ ಜ್ವರ ಬಂದು ಸತ್ತಿತಂತೆ. ಆ ಜ್ವರಕ್ಕೂ ನನಗೂ ಏನು ಸಂಬಂಧ?

ಮಧ್ಯಾಹ್ನ ಪರದೆಯ ಮೇಲೆ ಸತ್ತ ಕುದುರೆಯೊಂದರ ಶ್ವಾಸಕೋಶದ ಚಿತ್ರ ಬಂತು. ಮೇಡಂ ಹೇಳಿದರು: "ದನದ ಡಾಕ್ಟರುಗಳು ಇದನ್ನು ಚೆನ್ನಾಗಿ ನೋಡಿಕೊಳ್ಳಿ. ಹೊಟ್ಟೆನೋವಿಗೆಂದು ತಲೆ ಎತ್ತಿಸಿ ಬಾಯಿಗೆ ಎಣ್ಣೆ ಹೊಯ್ದಿದ್ದಾರೆ. ಎಣ್ಣೆ ಶ್ವಾಸಕೋಶಕ್ಕೆ ಇಳಿದಿದೆ. ಹೊಟ್ಟೆನೋವು ವಾಸಿಯಾಯಿತು, ಆಮೇಲೆ ಜ್ವರ ಬಂದು ಕುದುರೆ ಸತ್ತಿತು. ಮೂಗಿನಿಂದ ಕೊಳವೆ ಇಳಿಸಿ, ಅದು ಹೊಟ್ಟೆಗೇ ಹೋಗಿದೆ ಎಂದು ಖಾತ್ರಿ ಮಾಡಿಕೊಂಡೇ ಕೊಡಬೇಕು."

ಆ ಕೆಮ್ಮು ಕಿವಿಯಲ್ಲೇ ಕೇಳಿಸಿತು. ಅಷ್ಟರಲ್ಲಿ ಮೇಡಂ ನನ್ನ ಕಡೆ ತಿರುಗಿ ನಕ್ಕರು. "ನೀವು ಮಾಡಿದ್ದೀರಲ್ಲ, ಹೇಳಿ. ಹೇಗೆ ಕೊಟ್ಟಿರಿ?"

"ಮೂಗಿನಿಂದಲೇ ಮೇಡಂ" ಎಂದೆ.

ಎಷ್ಟು ಸಲೀಸಾಗಿ ಬಂತು ಆ ಮಾತು! ಕುದುರೆ ಕೊಂದದ್ದು ತಿಳಿಯದೆ. ಇದು ತಿಳಿದೂ ತಿಳಿದೂ ಹೇಳಿದ ಸುಳ್ಳು. ನನ್ನ ಬಾಯಿಯ ಬಗ್ಗೆ ನನಗೇ ಗಾಬರಿಯಾಯಿತು. ಅದಕ್ಕಿಂತ ದೊಡ್ಡ ಗಾಬರಿ ಆಮೇಲೆ ಬಂತು. ಆ ಯಜಮಾನ ಈಗ ಇನ್ನೊಂದು ಕುದುರೆ ತಂದಿದ್ದ. ಗೊಟ್ಟ ಹೇಗೆ ಹಾಕುವುದೆಂದು ಅವನಿಗೆ ತೋರಿಸಿಕೊಟ್ಟವಳು ನಾನೇ.

ಪಾಠ ಮುಗಿದದ್ದೇ ಸ್ಕೂಟರ್ ಹತ್ತಿ ಡೆಂಕಣಿಕೋಟೆಗೆ ಹೋದೆ. ಇನ್ನೂ ಬಿಸಿಲಿತ್ತು. ಕಂದು ಬಣ್ಣದ ಹೆಣ್ಣು ಕುದುರೆ ಮನೆಯ ಮುಂದೆ ಹುಲ್ಲು ತಿನ್ನುತ್ತಿತ್ತು. ಅದು ಆರಾಮಾಗಿರುವುದನ್ನು ಕಂಡು ಹೋದ ಜೀವ ಬಂದಂತಾಯಿತು.

"ಬನ್ನಿ ಡಾಕ್ಟ್ರಮ್ಮ, ಏನ್ ಭಾನ್ವಾರ್ದಾಗೆ ಬಂದ್ಬುಟ್ರಿ?" ಎಂದ.

"ಇದಕ್ಕೆ ಹೊಟ್ಟೆನೋವು ಬಂದ್ರೆ ಏನ್ ಮಾಡ್ತೀರಣ್ಣ?"

"ನೀವು ಹೇಳ್ಕೊಟ್ಟಂಗೇನೆ. ಗೊಟ್ಟ ಅಲ್ಲೇ ಐತೆ ನೋಡಿ, ಎಣ್ಣೆ ಸವ್ರಿ ಮಡಗಿವ್ನಿ." ಸೂರಿನ ಸಂದಿಯಲ್ಲಿ ಸಿಕ್ಕಿಸಿದ್ದ ಗೊಟ್ಟ ನುಣ್ಣಗೆ ಹೊಳೆಯುತ್ತಿತ್ತು.

ನಾನು ನಿಂತಲ್ಲೇ ಎಲ್ಲವನ್ನೂ ಹೇಳಿಬಿಟ್ಟೆ. ಎಣ್ಣೆ ಎಲ್ಲಿಗೆ ಹೋಯಿತು, ಜ್ವರ ಏಕೆ ಬಂತು, ಬಿಳಿ ಕುದುರೆಯನ್ನು ಕೊಂದದ್ದು ಯಾರು. ಬೈಯುತ್ತಾನೆ ಎಂದುಕೊಂಡಿದ್ದೆ. ಬೈಸಿಕೊಳ್ಳಲು ತಯಾರಾಗಿಯೂ ಹೋಗಿದ್ದೆ. ಅವನು ಕುದುರೆಯ ಬೆನ್ನು ಸವರಿದ.

"ಅವತ್ತು ಕೆಮ್ತಲ್ಲ, ಆಗ್ಲೇ ನನ್ನೆದೆ ಝಲ್ ಅಂತು ಕಣಮ್ಮ. ಕುದ್ರೆ ತಲೆ ಎತ್ಸಿ ಏನೂ ಕುಡಿಸ್ಬ್ಯಾಡ ಅಂತ ನಮ್ಮಪ್ಪ ಹೇಳ್ತಿದ್ದ."

"ಮತ್ತೆ ಯಾಕಣ್ಣ ನಂಗೆ ಹೇಳ್ಲಿಲ್ಲ?"

"ನೀವು ಓದ್ದೋರು. ಡಾಕ್ಟ್ರಮ್ಮನೇ ಮಾಡ್ತಾವ್ರೆ ಅಂದ್ಮೇಲೆ ನಮ್ಮಪ್ಪಂದೇ ತಪ್ಪಿರ್ಬೇಕು ಅಂದ್ಕಂಡೆ."

ಅದನ್ನು ಅವನು ದೂರಿನಂತೆ ಹೇಳಲಿಲ್ಲ, ಅದೇ ನನ್ನನ್ನು ಕೊಂದದ್ದು. ಅವನು ಬಾಯಿ ಬಿಟ್ಟಿದ್ದರೆ ನಾನು ಕೇಳುತ್ತಿದ್ದೆನೇ? ಇಲ್ಲ. ಇನ್ನೂ ಮೇಲಕ್ಕೆ ಎತ್ತಿ ಎಂದೇ ಗದರುತ್ತಿದ್ದೆ.

ಗೊಟ್ಟ ಕೇಳಿದೆ, ತೆಗೆದು ಕೊಟ್ಟ. ಅದನ್ನು ಸ್ಕೂಟರಿನ ಮುಂದೆ ಕಾಲಡಿ ಇಟ್ಟುಕೊಂಡೆ. ಊರ ಹೊರಗೆ ರಾಗಿ ಹೊಲದ ಪಕ್ಕ ಗಾಡಿ ನಿಲ್ಲಿಸಿ ಫೋನ್ ತೆಗೆದೆ. ಮೇಡಂ ಹೆಸರು ಒತ್ತುವಾಗ ಆ ಖಾಯಂ ಕೆಲಸ ನೆನಪಾಯಿತು, ಸುಳ್ಳೇಕೆ. ಮೂರನೇ ರಿಂಗಿಗೆ ಅವರು ಎತ್ತಿದರು.

"ಮೇಡಂ," ಎಂದೆ, "ನಾನು ಮೂಗಿನಿಂದ ಕೊಡಲಿಲ್ಲ."