ಎಸ್ ಅಕ್ಷರದ ಆಟ

ಬಿಳಿ ದೊರೆಗೆ ದುಭಾಷಿಯಾಗಿ ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಎತ್ತಿನ ಗಾಡಿಯಲ್ಲಿ ಹೊರಟಿದ್ದೆ. ಬೇಸರ ಕಳೆಯಲು ದೊರೆ ಆಟ ಹೂಡಿದರು: ಎಸ್‌ನಿಂದ ಶುರುವಾಗುವ ಇಂಗ್ಲಿಷ್ ಪದಗಳನ್ನು ಸರದಿಯಂತೆ ಹೇಳಬೇಕು, ಸೋತವನು ಇಳಿದು ನಡೆಯಬೇಕು. ಹೊತ್ತು ಮುಳುಗುವಾಗ ನನ್ನಲ್ಲಿ ಉಳಿದದ್ದು 'ಸ್ನೇಕ್' ಒಂದೇ.

ದೀಪ ಹಚ್ಚುವ ಹೊತ್ತಲ್ಲಿ ಹಾವಿನ ಹೆಸರೆತ್ತಿದರೆ ಅದು ಬಂದೇ ಬರುತ್ತದೆ ಅನ್ನುತ್ತಿದ್ದಳು ಅವ್ವ. ನಮ್ಮ ಮನೆಯಲ್ಲಿ ಅದು ಬರೀ 'ಹುಳ'. ಬಾಯಿ ಬಿಡದೆ ಸೋತು ಇಳಿದೆ. ಬರಿಗಾಲು, ಬಂಡೆಗಳ ನಡುವಿನ ದಾರಿ. ಹುಲ್ಲು ಸರಕ್ಕೆಂದಾಗಲೆಲ್ಲ ಜೀವ ಬಾಯಿಗೆ ಬರುತ್ತಿತ್ತು.

ಗಾಡಿ ಹೊಡೆಯುತ್ತಿದ್ದ ತಾತ ಕಾರಣ ಕೇಳಿದ. ಹೇಳಿದೆ.

"ಇಂಗ್ಲಿಷ್‌ನಾಗೆ ಅಂದಿದ್ರೆ ನಮ್ಮ ಹುಳಕ್ಕೆ ಎಲ್ಲಿ ತಿಳೀತಿತ್ತು ಸ್ವಾಮಿ?"

ಅಷ್ಟರಲ್ಲಿ ದೊರೆ, ನಾನು ಮರೆತ ಪದ ನೆನಪಿಸುವವರಂತೆ, "ಸ್ನೇಕ್! ಸ್ನೇಕ್!" ಎಂದು ಮೇಲಿಂದ ಕೂಗಿದರು.

ಈ ಸೀಮೆಯ ಹುಳಕ್ಕೆ ಯಾರೂ ಇಂಗ್ಲಿಷ್ ಕಲಿಸದಿರಲಿ ದೇವರೇ ಅಂತ ಬೇಡಿಕೊಳ್ಳುತ್ತಾ ನಡೆದೆ.